ಬೆಳಗಾವಿಗೆ ಇಂಡಿಯಾ ಮ್ಯಾಚ್ ಬರಬೇಕಾದರೆ: ಗ್ಯಾಲರಿ ಆಮೇಲೆ, ಮೊದಲು ನೆಲ

ಆಟೋ ನಗರದ ಕಡೆ ಕೆಲಸ ಬಿದ್ದಾಗಲೆಲ್ಲ ಕೆಎಸ್‌ಸಿಎ (ರಾಜ್ಯ ಕ್ರಿಕೆಟ್ ಸಂಸ್ಥೆ) ಮೈದಾನದ ಹತ್ತಿರ ಒಂದು ನಿಮಿಷ ಗಾಡಿ ನಿಲ್ಲಿಸುವುದು ನನಗೆ ಅಭ್ಯಾಸ. ಸುತ್ತಮುತ್ತ ಗ್ಯಾರೇಜು, ಲೇತು, ವೆಲ್ಡಿಂಗ್ ಸದ್ದು. ಅದರ ನಡುವೆ ಅಷ್ಟಗಲ ಹಸಿರು ನೋಡಿದರೆ ಕಣ್ಣಿಗೆ ತಂಪು. ಆ ಕಡೆಯ ಚಹಾದಂಗಡಿಯಲ್ಲಿ ಕ್ರಿಕೆಟ್ ಮಾತು ಎಲ್ಲೇ ಶುರುವಾಗಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ. "ಸರ್, ನಮ್ಮೂರಾಗ ಇಂಡಿಯಾ ಮ್ಯಾಚ್ ಯಾವಾಗ ಆಡಸ್ತಾರ್ರೀ?"

ಈ ಪ್ರಶ್ನೆಗೆ ಈಗ ಹಿಂದಿಗಿಂತ ಜಾಸ್ತಿ ತೂಕ ಬಂದಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ಸತ್ತರು. ತನಿಖೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ, ಅಷ್ಟು ದೊಡ್ಡ ಜನಸಂದಣಿಗೆ ಆ ಜಾಗ ಸರಿಯಿಲ್ಲ ಎಂದಿತು. ಆ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳೂ ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ನಮ್ಮ ಹುಡುಗಿಯರು ಕಪ್ ಎತ್ತಿದ್ದು ಅಲ್ಲೇ. ಆಮೇಲೆ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80 ಸಾವಿರ ಜನ ಕೂರುವ ಹೊಸ ಸ್ಟೇಡಿಯಂ ಯೋಜನೆಗೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಇತ್ತ ಕಡೆಯವರು ಕೇಳುವುದು ಇಷ್ಟೇ: ಎರಡನೆಯದೂ ಬೆಂಗಳೂರಿಗೇನಾ?

ನ್ಯಾಯವಾದ ಪ್ರಶ್ನೆ. ಆದರೆ ನಾವು ಕೇಳುತ್ತಿರುವುದು ಏನನ್ನು ಅಂತ ನಮಗೇ ಸ್ಪಷ್ಟವಿದೆಯಾ ಎಂಬ ಅನುಮಾನ ನನಗೆ. ಸ್ಟೇಡಿಯಂ ಅಂದಕೂಡಲೇ ಕಣ್ಮುಂದೆ ಬರುವುದು ಗ್ಯಾಲರಿ, ಲೈಟು, ದೊಡ್ಡ ಸ್ಕ್ರೀನು. ಅಹಮದಾಬಾದಿನಲ್ಲಿ 1 ಲಕ್ಷ 32 ಸಾವಿರ ಜನ ಕೂರುತ್ತಾರಂತೆ, ನಮಗೆ 40 ಸಾವಿರವಾದರೂ ಬೇಡವಾ ಅನ್ನುವ ಲೆಕ್ಕ. ಮ್ಯಾಚ್ ನಿಲ್ಲುವುದು ಮಾತ್ರ ಗ್ಯಾಲರಿ ಸಣ್ಣದು ಅಂತ ಅಲ್ಲ. ನೆಲ ಒದ್ದೆ ಅಂತ.

2024ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಅಫ್ಘಾನಿಸ್ತಾನ ಮತ್ತು ನ್ಯೂಜಿಲೆಂಡ್ ಟೆಸ್ಟ್ ಇತ್ತು. ಐದು ದಿನದಲ್ಲಿ ಒಂದೇ ಒಂದು ಚೆಂಡು ಬೀಳಲಿಲ್ಲ. ಕೊನೆಕೊನೆಗೆ ಮಳೆ ಸುರಿದದ್ದು ನಿಜ, ಆದರೆ ಮೊದಲ ದಿನಗಳಲ್ಲಿ ಬಿಸಿಲಿದ್ದರೂ ಆಟವಿಲ್ಲ. ಟೇಬಲ್ ಫ್ಯಾನ್ ತಂದು ಹುಲ್ಲಿನ ಮೇಲಿಟ್ಟು ಒಣಗಿಸಿದರು. ಒದ್ದೆ ಜಾಗವನ್ನು ಗುದ್ದಲಿಯಲ್ಲಿ ಅಗೆದು, ಬೇರೆ ಕಡೆಯ ಒಣ ಹುಲ್ಲಿನ ತುಂಡು ತಂದು ಹೊಲಿದಂತೆ ಕೂರಿಸಿದರು. ಅದಕ್ಕೂ ಮೊದಲು, 2020ರ ಜನವರಿಯಲ್ಲಿ ಗುವಾಹಟಿಯಲ್ಲಿ ಕವರಿನಿಂದ ನೀರು ಸೋರಿ ಪಿಚ್ ಒದ್ದೆಯಾದಾಗ ಹೇರ್ ಡ್ರೈಯರ್, ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದರು. ಗ್ಯಾಲರಿ ತುಂಬ ಜನ ಕೂತಿದ್ದರು. ಮ್ಯಾಚ್ ರದ್ದಾಯಿತು. ಕಾನ್ಪುರದ ಗ್ರೀನ್ ಪಾರ್ಕ್ ಎಷ್ಟು ಹಳೆಯ ಟೆಸ್ಟ್ ಮೈದಾನ ಅಲ್ವಾ? ಅಲ್ಲೂ 2024ರಲ್ಲಿ ಬಾಂಗ್ಲಾದೇಶದ ಮ್ಯಾಚಿನ ಮೂರನೇ ದಿನ, ನೆಲ ಆರಲಿಲ್ಲ ಅಂತಲೇ ಇಡೀ ದಿನ ಹೋಯಿತು.

ಒಂದು ಸಣ್ಣ ಲೆಕ್ಕ ಹಾಕೋಣ. ನಿಯಮದ ಪ್ರಕಾರ ಪಿಚ್ಚಿನ ನಡುವಿನಿಂದ ಬೌಂಡರಿ 65 ಗಜಕ್ಕಿಂತ ಕಡಿಮೆ ಇರಬಾರದು, 90 ಗಜ ದಾಟಬಾರದು. ಸುಮಾರು 70 ಮೀಟರ್ ಅಂತ ಇಟ್ಟುಕೊಂಡರೆ ಮೈದಾನದ ವಿಸ್ತೀರ್ಣ 15,400 ಚದರ ಮೀಟರ್. ಒಂದು ತಾಸಿನಲ್ಲಿ 25 ಮಿಲಿಮೀಟರ್ ಮಳೆ ಬಿದ್ದರೆ, ಆ ಹಸಿರಿನ ಮೇಲೆ ಬೀಳುವ ನೀರು ಹತ್ತಿರಹತ್ತಿರ 3 ಲಕ್ಷ 85 ಸಾವಿರ ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ 32 ಆಯಿತು. ಇಷ್ಟು ನೀರು ಇನ್ನೊಂದು ತಾಸಿನೊಳಗೆ ಕಾಣದಂತೆ ಹೋಗಬೇಕು, ಓಡುವ ಫೀಲ್ಡರ್ ಜಾರಬಾರದು. ನೀರು ಹೀರುವ ಸೂಪರ್ ಸಾಪರ್ ಗಾಡಿ ಓಡಿಸಿ, ಹಗ್ಗ ಎಳೆದು ಇದು ಆಗುವ ಕೆಲಸವಲ್ಲ. ಹುಲ್ಲಿನ ಕೆಳಗೇ ದಾರಿ ಇರಬೇಕು.

ಅದಕ್ಕೆ ಈಗಿನ ಒಳ್ಳೆಯ ಮೈದಾನಗಳಲ್ಲಿ ಔಟ್‌ಫೀಲ್ಡನ್ನು, ಅಂದರೆ ಪಿಚ್ಚಿನ ಸುತ್ತಲಿನ ಹುಲ್ಲನ್ನು, ಮಣ್ಣಿನ ಮೇಲೆ ಬೆಳೆಸುವುದಿಲ್ಲ, ಮರಳಿನ ಮೇಲೆ ಬೆಳೆಸುತ್ತಾರೆ. ಕೆಳಗೆ ಮೀನಿನ ಮುಳ್ಳಿನಂತೆ ಹರಡಿದ ತೂತಿನ ಪೈಪು, ಅದರ ಮೇಲೆ ಜಲ್ಲಿ, ಅದರ ಮೇಲೆ ಮರಳು, ಮೇಲೆ ಬರ್ಮುಡಾ ಹುಲ್ಲು. ಮರಳು ಅಂದರೆ ಯಾವುದೋ ಹಳ್ಳದ ಮರಳಲ್ಲ, ಕಾಳಿನ ಗಾತ್ರ ಅಳೆದು ತಂದದ್ದು. ಇದನ್ನು ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವ ಯಾರನ್ನು ಬೇಕಾದರೂ ಕೇಳಿ. ಎರಕದ ಅಚ್ಚಿನ ಮರಳು (ಮೋಲ್ಡಿಂಗ್ ಸ್ಯಾಂಡ್) ತೀರಾ ನುಣ್ಣಗಿದ್ದರೆ ಗ್ಯಾಸ್ ಹೊರಗೆ ಹೋಗುವುದಿಲ್ಲ, ಕಾಸ್ಟಿಂಗಿನಲ್ಲಿ ಬ್ಲೋ ಹೋಲ್, ಅಂದರೆ ಗಾಳಿಯ ತೂತು, ಬೀಳುತ್ತದೆ. ಮೈದಾನದ ಮರಳೂ ಹಾಗೇ. ನುಣ್ಣಗಿನ ಮಣ್ಣು ಸೇರಿದರೆ ಸಂದು ಮುಚ್ಚಿ ನೀರು ಮೇಲೇ ನಿಲ್ಲುತ್ತದೆ. ತೀರಾ ದಪ್ಪಗಿದ್ದರೆ ನೀರೇನೋ ಹೋಗುತ್ತದೆ, ಹುಲ್ಲಿನ ಬೇರಿಗೆ ಏನೂ ಉಳಿಯುವುದಿಲ್ಲ. ಫೌಂಡ್ರಿಯ ಲ್ಯಾಬಿನಲ್ಲಿ ಜರಡಿ ಹಿಡಿದು ಪರೀಕ್ಷೆ ಮಾಡುವ ಹುಡುಗನಿಗೆ ಈ ಕೆಲಸದ ಅರ್ಧ ಗೊತ್ತಿರುತ್ತದೆ.

ಚಿನ್ನಸ್ವಾಮಿ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. 2017ರಲ್ಲಿ ಅಲ್ಲಿ ಸಬ್‌ಏರ್ ವ್ಯವಸ್ಥೆ ಕೂರಿಸಿದರು. ಪೈಪಿನ ಜಾಲಕ್ಕೆ ಪಂಪು ಜೋಡಿಸಿ ನೆಲದೊಳಗಿಂದಲೇ ನೀರು ಎಳೆಯುವುದು, ಬೇಕಾದರೆ ಗಾಳಿ ಊದುವುದು. ಯಾವುದೇ ಕ್ರಿಕೆಟ್ ಮೈದಾನದಲ್ಲಿ ಅದೇ ಮೊದಲು. ಜೋರು ಮಳೆ ಬಂದು ನಿಂತ ಸ್ವಲ್ಪ ಹೊತ್ತಿಗೆ ಆಟ ಶುರುವಾಗುವುದನ್ನು ಟಿವಿಯಲ್ಲಿ ನೋಡಿಯೇ ಇರುತ್ತೀರಿ. ವಿಚಿತ್ರ ನೋಡಿ: ನೀರು ಹೊರಗೆ ಹೋಗಲು ಜಗತ್ತಿನಲ್ಲೇ ಒಳ್ಳೆಯ ದಾರಿ ಇದ್ದ ಮೈದಾನದಲ್ಲಿ ಜನ ಒಳಗೆ ಹೋಗಲು ಸರಿಯಾದ ದಾರಿ ಇರಲಿಲ್ಲ.

ಈ ಕೆಲಸಗಳಿಗೆ ಅಂಕವೂ ಇದೆ, ಕಳೆಯುವ ಅಂಕ. ಪ್ರತಿ ಅಂತರರಾಷ್ಟ್ರೀಯ ಪಂದ್ಯ ಮುಗಿದ ಮೇಲೆ ಮ್ಯಾಚ್ ರೆಫರಿ ಪಿಚ್ ಮತ್ತು ಔಟ್‌ಫೀಲ್ಡ್ ಎರಡಕ್ಕೂ ವರದಿ ಕೊಡುತ್ತಾರೆ. ತೃಪ್ತಿಕರವಲ್ಲ ಅಂದರೆ 1 ಡಿಮೆರಿಟ್ ಅಂಕ, ಆಡಲು ಯೋಗ್ಯವೇ ಅಲ್ಲ ಅಂದರೆ 3. ಐದು ವರ್ಷದಲ್ಲಿ 6 ಸೇರಿದರೆ ಆ ಮೈದಾನಕ್ಕೆ ಒಂದು ವರ್ಷ ಅಂತರರಾಷ್ಟ್ರೀಯ ಪಂದ್ಯವೇ ಇಲ್ಲ. ಗ್ಯಾಲರಿಯ ಬಣ್ಣಕ್ಕೆ, ವಿಐಪಿ ಬಾಕ್ಸಿನ ಸೋಫಾಕ್ಕೆ ಅಂಕ ಕೊಡುವವರೂ ಇಲ್ಲ, ಕಳೆಯುವವರೂ ಇಲ್ಲ.

ಇನ್ನು ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರು ಜಿಲ್ಲೆಯ ನೆಲ. ಬೆಳಗಾವಿ ಊರಿಗೆ ವರ್ಷಕ್ಕೆ ಸರಾಸರಿ 1,200 ಮಿಲಿಮೀಟರಿಗಿಂತ ಜಾಸ್ತಿ ಮಳೆ. ವಿಜಯಪುರ, ಬಾಗಲಕೋಟೆಯಲ್ಲಿ ಅದರ ಅರ್ಧದ ಆಸುಪಾಸು. ತವರಿನ ಸೀಸನ್ ಸಾಮಾನ್ಯವಾಗಿ ಅಕ್ಟೋಬರಿನಿಂದ ಮಾರ್ಚ್ ಅನ್ನುವುದು ನಿಜ. ಆದರೆ ಚಿತ್ತಿ, ಸ್ವಾತಿ ಮಳೆ ಇತ್ತ ಕಡೆ ಹೇಗೆ ಬಂದು ಹೊಡೆಯುತ್ತವೆ ಅಂತ ದ್ರಾಕ್ಷಿ ಬೆಳೆಯುವವರನ್ನು ಕೇಳಬೇಕು. ವಿಜಯಪುರದ ಎರಿ ಭೂಮಿಯ, ಅಂದರೆ ಕರಿ ಮಣ್ಣಿನ, ಕಥೆ ಬೇರೆಯೇ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆ ಬಂದರೆ ಉಬ್ಬಿ ಚಪ್ಪಲಿ ಕಿತ್ತುಕೊಳ್ಳುವ ಕೆಸರು. ಇಂಥ ನೆಲದ ಮೇಲೆ ಸುಮ್ನೆ ಹುಲ್ಲು ಹಾಕಿ ಔಟ್‌ಫೀಲ್ಡ್ ಅಂದರೆ ಎರಡೇ ವರ್ಷದಲ್ಲಿ ಉಬ್ಬುತಗ್ಗು. ಗ್ಯಾಲರಿಯ ಅಡಿಪಾಯಕ್ಕೂ ಎರಿ ಒಳ್ಳೆಯ ಗೆಳೆಯನಲ್ಲ, ಮನೆ ಕಟ್ಟಿಸಿದವರಿಗೆ ಗೊತ್ತು.

ಆದರೆ ಅದೇ ಎರಿಗೆ ಒಂದು ಗೌರವದ ಜಾಗವೂ ಇದೆ. ಆ 22 ಗಜದಲ್ಲಿ. ಪಿಚ್ ಮಾಡಲು ಬೇಕಾದದ್ದೇ ಜಿಗುಟು ಮಣ್ಣು. ಕರಿ ಮಣ್ಣಿನ ಪಿಚ್ಚಿನಲ್ಲಿ ಚೆಂಡು ಸ್ವಲ್ಪ ತಗ್ಗಾಗಿ, ನಿಧಾನಕ್ಕೆ ಬರುತ್ತದೆ. ಕೆಂಪು ಮಣ್ಣಿನದರಲ್ಲಿ ಪುಟಿತ ಜಾಸ್ತಿ, ಒಣಗಿ ಪುಡಿಯಾಗುವುದೂ ಬೇಗ. ಅಹಮದಾಬಾದಿನಲ್ಲಿ ನಡುವಿನ 11 ಪಿಚ್‌ಗಳಲ್ಲಿ ಎರಡೂ ಬಗೆಯವು ಇವೆ. ಕರಿ ಎರಿ, ಕೆಂಪು ಮಸಾರಿ ಎರಡೂ ಕೈಗೆಟಕುವ ದೂರದಲ್ಲಿರುವ ಜಿಲ್ಲೆಗಳು ನಮ್ಮವು. ಈ ಮಣ್ಣಿನ ಗುಣ ಗೊತ್ತಿರುವ ಊರ ಹುಡುಗರಿಗೆ ಪಿಚ್ ಸಿದ್ಧ ಮಾಡುವ ಕ್ಯುರೇಟರ್ ಕೆಲಸ ಕಲಿಸಿದರೆ ಒಳ್ಳೆಯದಾಗುತ್ತದೆ. ಕ್ರಿಕೆಟ್ ಅಂದರೆ ಆಟಗಾರ ಮಾತ್ರ ಅಂದುಕೊಂಡಿದ್ದೇವೆ, ರೋಲರ್ ಹೊಡೆಯುವವನ ಕೈಯಲ್ಲೂ ಒಂದು ವಿದ್ಯೆ ಇದೆ.

ಮಳೆ ನೀರು ಹೊರಗೆ ಹಾಕುವುದು ಒಂದು ತೊಂದರೆಯಾದರೆ, ಬೇಸಿಗೆಯಲ್ಲಿ ನೀರು ತರುವುದು ಇನ್ನೊಂದು. ಮತ್ತದೇ ಲೆಕ್ಕ. ದಿನಕ್ಕೆ 5 ಮಿಲಿಮೀಟರಿನಷ್ಟು ನೀರುಣಿಸಿದರೂ 77 ಸಾವಿರ ಲೀಟರ್ ಬೇಕು. ಏಪ್ರಿಲಿನಲ್ಲಿ ಓಣಿಯ ನಲ್ಲಿಗೆ ಎಷ್ಟೋ ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಹುಲ್ಲಿಗೆ ದಿನವೂ ಆರೇಳು ಟ್ಯಾಂಕರ್ ಸುರಿಯಿರಿ ಅಂದರೆ ಜನ ಸುಮ್ಮನಿರುತ್ತಾರಾ? ಮಹಾರಾಷ್ಟ್ರದಲ್ಲಿ ಇದು ಕೋರ್ಟಿಗೇ ಹೋಯಿತು. 2016ರ ಬರಗಾಲದಲ್ಲಿ ಬಾಂಬೆ ಹೈಕೋರ್ಟ್ ಆದೇಶದಿಂದ ಐಪಿಎಲ್ ಪಂದ್ಯಗಳು ರಾಜ್ಯದಿಂದ ಹೊರಗೆ ಹೋದವು. 2018ರಲ್ಲಿ ಪುಣೆಯ ಮೈದಾನಕ್ಕೆ ಪವನಾ ನದಿಯ ನೀರು ಬಳಸಬಾರದು ಎಂದು ಅದೇ ಕೋರ್ಟ್ ಹೇಳಿತು. 2024ರಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಚಿನ್ನಸ್ವಾಮಿಗೆ ಕಬ್ಬನ್ ಪಾರ್ಕಿನಲ್ಲಿ ಶುದ್ಧ ಮಾಡಿದ ಕೊಳಚೆ ನೀರನ್ನೇ ಕೊಟ್ಟರು. ಹಾಗಾಗಿ ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಮೈದಾನದ ನಕ್ಷೆ ಬರೆಯುವಾಗ ಕೊಳಚೆ ನೀರು ಶುದ್ಧ ಮಾಡುವ ಘಟಕ ಪೆವಿಲಿಯನ್ನಿಗಿಂತ ಮೊದಲು ಬರಬೇಕು. ಮಳೆಗಾಲದಲ್ಲಿ ಪೈಪಿನಿಂದ ಹೊರಬರುವ ನೀರು ಹಿಡಿದಿಡಲು ಒಂದು ಕೆರೆಯೂ ಪಕ್ಕದಲ್ಲಿರಲಿ. ಕೆರೆ ಕಟ್ಟುವುದನ್ನು, ನೀರು ಸಾಗಿಸುವುದನ್ನು ಆದಿಲ್‌ಶಾಹಿಗಳ ಊರಿಗೆ ಹೊರಗಿನವರು ಬಂದು ಕಲಿಸಬೇಕಾ?

ಕಟ್ಟಡದೊಳಗಿನ ಸೌಕರ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ದುಡ್ಡಿದ್ದರೆ ಆಗುವ ಕೆಲಸ. ಎರಡು ತಂಡದ ಡ್ರೆಸ್ಸಿಂಗ್ ರೂಮ್, ಅಂಪೈರ್, ರೆಫರಿ, ಥರ್ಡ್ ಅಂಪೈರ್ ಕೋಣೆ, ಡೋಪ್ ಪರೀಕ್ಷೆಯ ಕೋಣೆ, ವೈದ್ಯರು, ಆಂಬುಲೆನ್ಸ್. ಆಟಗಾರರ ಜಾಗಕ್ಕೆ ಹೊರಗಿನವರು ಕಾಲಿಡಬಾರದು, ಮ್ಯಾಚ್ ವೇಳೆ ಒಳಗೆ ಮೊಬೈಲ್ ಇರಬಾರದು, ಫಿಕ್ಸಿಂಗ್ ತಡೆಯಲು. ಅಂಪೈರ್ ತೀರ್ಪನ್ನು ಮರುಪರಿಶೀಲಿಸುವ ಡಿಆರ್‌ಎಸ್‌ಗೆ ಎತ್ತರದಲ್ಲಿ ಸುತ್ತಲೂ ಕ್ಯಾಮೆರಾ, ಟಿವಿಯವರ ಲಾರಿಗಳು ನಿಲ್ಲಲು ಜಾಗ, ಕರೆಂಟ್ ಹೋದರೆ ಜನರೇಟರ್. ಪಿಚ್ ಉತ್ತರ ದಕ್ಷಿಣವಾಗಿರಬೇಕು, ಇಲ್ಲದಿದ್ದರೆ ಸಂಜೆ ಸೂರ್ಯ ಬ್ಯಾಟರ್ ಕಣ್ಣಿಗೆ ಹೊಡೆಯುತ್ತಾನೆ. 2019ರಲ್ಲಿ ನ್ಯೂಜಿಲೆಂಡಿನ ನೇಪಿಯರ್‌ನಲ್ಲಿ ಭಾರತದ ಮ್ಯಾಚ್ ಅರ್ಧ ತಾಸು ನಿಂತದ್ದು ಇದೇ ಕಾರಣಕ್ಕೆ. ಮಳೆಯಿಂದ ಮ್ಯಾಚ್ ನಿಲ್ಲುವುದು ಗೊತ್ತು, ಬಿಸಿಲಿನಿಂದಲೂ ನಿಲ್ಲುತ್ತದೆ!

ನೋಡಲು ಬರುವವರ ವಿಷಯದಲ್ಲಿ ಮಾತ್ರ ಸುಮ್ಮನೆ ಮುಂದೆ ಹೋಗಲಾರೆ. ಕೆಲವು ವರ್ಷದ ಹಿಂದೆ ಅಕ್ಕ ಮತ್ತು ಅವಳ ಮಗಳನ್ನು ಕರೆದುಕೊಂಡು ಒಂದು ದೊಡ್ಡ ಊರಿಗೆ ಮ್ಯಾಚ್ ನೋಡಲು ಹೋಗಿದ್ದೆ. ಊರಿನ ಹೆಸರು ಬೇಡ. ಗೇಟಿನಲ್ಲಿ ನೀರಿನ ಬಾಟಲಿ ಕಿತ್ತುಕೊಂಡರು. ಅಕ್ಕ ಕಟ್ಟಿಕೊಂಡು ಬಂದಿದ್ದ ಚಪಾತಿ, ಶೇಂಗಾ ಚಟ್ನಿಯ ಡಬ್ಬಿಯನ್ನೂ ಬಿಡಲಿಲ್ಲ. ಒಳಗೆ ನೀರಿನ ಗ್ಲಾಸಿಗೆ ಹೊರಗಿನ ಬಾಟಲಿಯ ರೇಟು. ಕುರ್ಚಿ ಬಿಸಿಲಿಗೆ ಕಾದು ಕೂರಲಾಗದೆ ಪೇಪರ್ ಹಾಸಿಕೊಂಡೆವು. ಹುಡುಗಿ ಟಾಯ್ಲೆಟ್ಟಿಗೆ ಹೋದವಳು ನಾಲ್ಕು ಓವರ್ ಆದರೂ ಬರಲಿಲ್ಲ. ಆ ಇಡೀ ಸ್ಟ್ಯಾಂಡಿನ ಹೆಂಗಸರಿಗೆ ಬಾಗಿಲು ಹಾಕಿಕೊಳ್ಳುವಂಥದ್ದು ಎರಡೇ ಇದ್ದವಂತೆ. ಬಂದು ಕೂತವಳೇ ಕೇಳಿದಳು, "ಮಾಮಾ, ಆ ಒದರಾಟ ಯಾತಕ್ಕ? ಯಾರು ಔಟ್ ಆದ್ರು?" ಅವಳು ನೋಡಬೇಕು ಅಂತ ಬಂದ ಬ್ಯಾಟರ್‌ನೇ ಔಟಾಗಿದ್ದ. ಅಕ್ಕ ನನ್ನ ಕಡೆ ತಿರುಗಿ, "ಮನ್ಯಾಗ ಟಿವಿ ಇತ್ತಲ್ಲೋ ತಮ್ಮಾ" ಅಂದಳು.

ಇದು ನನ್ನೊಬ್ಬನ ಗೋಳಲ್ಲ. 2024ರ ಅಕ್ಟೋಬರಿನಲ್ಲಿ ಪುಣೆ ಟೆಸ್ಟಿನ ಮೊದಲ ದಿನ ಕುಡಿಯುವ ನೀರು ಸಿಗದೆ ಜನ ರೇಗಿದರು, ಅಲ್ಲಿನ ಕ್ರಿಕೆಟ್ ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಆ ಮೈದಾನದ ಹೆಚ್ಚಿನ ಸ್ಟ್ಯಾಂಡುಗಳಿಗೆ ಸೂರಿಲ್ಲ. ವಿಜಯಪುರದ ಬಿಸಿಲಿನಲ್ಲಿ ಸೂರಿಲ್ಲದ 40 ಸಾವಿರ ಕುರ್ಚಿಗಿಂತ ನೆರಳಿರುವ 15 ಸಾವಿರ ಕುರ್ಚಿ ಮೇಲು ಅಂತ ನನ್ನ ಎಣಿಕೆ. ಗೇಟುಗಳ ವಿಷಯವೂ ಇದರ ಜೊತೆಗೇ. ಡಿ'ಕುನ್ಹಾ ಆಯೋಗ ಹೇಳಿದ್ದರಲ್ಲಿ ಮುಖ್ಯವಾದದ್ದು, ಸಾಲು ನಿಲ್ಲುವ ಜಾಗ ಸ್ಟೇಡಿಯಂ ಆವರಣದ ಒಳಗಿರಬೇಕು, ರಸ್ತೆಯ ಮೇಲಲ್ಲ. ಹೊಸದಾಗಿ ಕಟ್ಟುವವರಿಗೆ ಇದು ಸುಲಭ, ಕಟ್ಟಿ ಮುಗಿಸಿದ ಮೇಲೆ ಯಾರಿಂದಲೂ ಆಗುವುದಿಲ್ಲ.

ಸರಿ, ಇದೆಲ್ಲ ಆಯಿತು ಅಂದುಕೊಳ್ಳಿ. ಮ್ಯಾಚ್ ಬರುತ್ತದಾ? ಇಲ್ಲೊಂದು ಸರದಿಯ ಲೆಕ್ಕವಿದೆ. ಬಿಸಿಸಿಐ ತವರಿನ ಪಂದ್ಯಗಳನ್ನು ರಾಜ್ಯ ಸಂಸ್ಥೆಗಳಿಗೆ ಸರದಿಯ ಮೇಲೆ ಹಂಚುತ್ತದೆ. ಗುಜರಾತಿನಲ್ಲಿ ಅಹಮದಾಬಾದ್, ರಾಜಕೋಟ್, ವಡೋದರಾಗಳಿಗೆ ಬೇರೆಬೇರೆ ಸಂಸ್ಥೆ, ಮೂರು ಸರದಿ. ಮಹಾರಾಷ್ಟ್ರದಲ್ಲಿ ಮುಂಬೈ, ಪುಣೆ, ನಾಗಪುರಕ್ಕೂ ಹಾಗೇ. ಕರ್ನಾಟಕಕ್ಕೆ ಒಂದೇ ಸಂಸ್ಥೆ, ಒಂದೇ ಸರದಿ. ಬಂದ ಒಂದು ಮ್ಯಾಚನ್ನು ಬೆಂಗಳೂರು ಬಿಟ್ಟುಕೊಡಬೇಕು, ಆಗ ಬೆಳಗಾವಿಗೆ. ಆಗದ ಮಾತೇನಲ್ಲ. ಮಧ್ಯಪ್ರದೇಶದಲ್ಲೂ ಒಂದೇ ಸಂಸ್ಥೆ, ಆದರೂ ಇಂದೋರಿನ ಜೊತೆಗೆ ಗ್ವಾಲಿಯರಿನ ಹೊಸ ಮೈದಾನಕ್ಕೆ 2024ರಲ್ಲಿ ಭಾರತ ಬಾಂಗ್ಲಾ ಟಿ20 ಸಿಕ್ಕಿತು. 23 ಸಾವಿರ ಜನ ಕೂರುವ ಧರ್ಮಶಾಲಾ 2013ರಲ್ಲಿ ಏಕದಿನ, 2017ರಲ್ಲಿ ಟೆಸ್ಟ್ ಆಡಿಸಿತು. ಅಲ್ಲೂ 2023ರಲ್ಲಿ ಹೊಸ ಹುಲ್ಲು ಸರಿಯಾಗಿ ಹಿಡಿಯಲಿಲ್ಲ ಅಂತ ಆಸ್ಟ್ರೇಲಿಯಾ ಟೆಸ್ಟ್ ಇಂದೋರಿಗೆ ಹೋಯಿತು. ಮತ್ತೆ ನೆಲ.

ಬೆಳಗಾವಿ ಮೊದಲ ಮೆಟ್ಟಿಲು ಆಗಲೇ ಹತ್ತಿದೆ ಅನ್ನುವುದನ್ನು ನಾವೇ ಮರೆತಿದ್ದೇವೆ. 2018ರ ನವೆಂಬರಿನಲ್ಲಿ ಕರ್ನಾಟಕ ಮುಂಬೈ ರಣಜಿ ಪಂದ್ಯ ಇಲ್ಲೇ ನಡೆಯಿತು, ಊರಿನ ಹುಡುಗ ರೋನಿತ್ ಮೋರೆ ಐದು ವಿಕೆಟ್ ಕಿತ್ತ. 2019ರಲ್ಲಿ ಶ್ರೀಲಂಕಾ ಎ ತಂಡ ಬಂದಾಗ ಅಭಿಮನ್ಯು ಈಶ್ವರನ್ 233 ಹೊಡೆದದ್ದು, ಋತುರಾಜ್ ಗಾಯಕವಾಡ್ ಔಟಾಗದೆ 187 ಬಾರಿಸಿದ್ದು ಇದೇ ಆಟೋ ನಗರದಲ್ಲಿ. ಇನ್ನು ಮುಂದಿನ ಮೆಟ್ಟಿಲು ನನ್ನ ಪ್ರಕಾರ ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯ. ವಡೋದರಾದ ಕೋಟಂಬಿ ಮೈದಾನ 2024ರ ಡಿಸೆಂಬರಿನಲ್ಲಿ ವೆಸ್ಟ್ ಇಂಡೀಸ್ ಮಹಿಳೆಯರ ಏಕದಿನ ಪಂದ್ಯಗಳಿಂದಲೇ ಶುರುಮಾಡಿತು. ನಮಗಂತೂ ಅದನ್ನು ಕೇಳುವ ಹಕ್ಕು ಜಾಸ್ತಿ. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ತೆಗೆದು ತಂಡವನ್ನು ಸೆಮಿಫೈನಲಿಗೆ ದಾಟಿಸಿದ ರಾಜೇಶ್ವರಿ ಗಾಯಕವಾಡ್ ವಿಜಯಪುರದವರು.

ಇಷ್ಟರ ಮೇಲೂ ಒಂದು ಅಳುಕು ಉಳಿಯುತ್ತದೆ. ಹೆದ್ದಾರಿಯಲ್ಲಿ ಊರೊಳಗೆ ಬರುವಾಗ ಗುಡ್ಡದ ಮೇಲೆ ಬೆಳ್ಳಗೆ ಸುವರ್ಣ ವಿಧಾನಸೌಧ ಕಾಣುತ್ತದೆ. 2012ರಲ್ಲಿ ಉದ್ಘಾಟನೆಯಾಯಿತು. ಡಿಸೆಂಬರಿನಲ್ಲಿ ಅಧಿವೇಶನ ಬಂದರೆ ಹತ್ತು ದಿನ ಊರೆಲ್ಲ ಗದ್ದಲ, ಲಾಡ್ಜ್ ಸಿಗುವುದಿಲ್ಲ. ಆಮೇಲೆ? ಸ್ಟೇಡಿಯಂ ಅದಕ್ಕಿಂತ ಕಷ್ಟದ ಗಿರಾಕಿ. ಅಂತರರಾಷ್ಟ್ರೀಯ ಪಂದ್ಯ ಎರಡು ಮೂರು ವರ್ಷಕ್ಕೊಮ್ಮೆ ಬಂದರೆ ಅದೃಷ್ಟ. ಹುಲ್ಲು ಮಾತ್ರ ದಿನವೂ ಬೆಳೆಯುತ್ತದೆ, ದಿನವೂ ನೀರು ಕುಡಿಯುತ್ತದೆ, ಕತ್ತರಿಸುವವನ ಸಂಬಳ ತಿಂಗಳು ತಿಂಗಳು ಬರುತ್ತದೆ. ಹಾಗಾದರೆ ಉಳಿದ ದಿನ ಅಲ್ಲಿ ಯಾರು ಆಡುತ್ತಾರೆ ಅನ್ನುವುದನ್ನು ಮೊದಲೇ ಬರೆದಿಡಬೇಕು. ನೆಟ್ಸ್ ಊರಿನ ಶಾಲೆಗಳಿಗೆ ತೆರೆದಿರುತ್ತವಾ? 16 ವರ್ಷದೊಳಗಿನವರ ಪಂದ್ಯಗಳು ಮುಖ್ಯ ಪಿಚ್ಚಿನ ಪಕ್ಕದ ಪಿಚ್ಚಿನಲ್ಲಿ ನಡೆಯುತ್ತವಾ? ಅಥವಾ ಗೇಟಿಗೆ ಬೀಗ, ಒಳಗೆ ಒಬ್ಬ ವಾಚ್‌ಮನ್ ಮತ್ತು ನಾಲ್ಕು ನಾಯಿನಾ?

ಬಾಗಲಕೋಟೆ, ವಿಜಯಪುರದ ಮಟ್ಟಿಗೆ ನನ್ನ ಮಾತು ಇನ್ನೂ ನೇರ. ಅಲ್ಲಿಗೆ ಈಗ ಬೇಕಾದದ್ದು ಅಂತರರಾಷ್ಟ್ರೀಯ ಸ್ಟೇಡಿಯಂ ಅಲ್ಲ, ತಾಲೂಕಿಗೊಂದರಂತೆ ಟರ್ಫ್ ಪಿಚ್. ಮ್ಯಾಟಿನ ಮೇಲೆ, ಸಿಮೆಂಟಿನ ಮೇಲೆ ಆಡಿ ಬೆಳೆದ ಹುಡುಗ ಬೆಂಗಳೂರಿಗೆ ಸೆಲೆಕ್ಷನ್ನಿಗೆ ಹೋದಾಗ ಹುಲ್ಲಿನ ಪಿಚ್ಚಿನಲ್ಲಿ ಚೆಂಡು ಹೇಗೆ ಏಳುತ್ತದೆ ಅಂತ ತಿಳಿಯುವಷ್ಟರಲ್ಲಿ ನಾಲ್ಕು ಓವರ್ ಮುಗಿದಿರುತ್ತದೆ, ಜೊತೆಗೆ ಅವನ ಸರದಿಯೂ. ಗದಗಿನ ಸುನಿಲ್ ಜೋಶಿ ಚಿಕ್ಕಂದಿನಲ್ಲಿ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮುಗಿಸಿ, ಶಾಲೆಯ ಹೊತ್ತಿಗೆ ಗದಗಿಗೆ ವಾಪಸ್ ಬರುತ್ತಿದ್ದರು. ಮುಂದೆ 15 ಟೆಸ್ಟ್ ಆಡಿದರು. ಇದನ್ನು ನಾವು ಛಲದ ಕಥೆ ಅಂತ ಹೇಳಿಕೊಂಡು ಹೆಮ್ಮೆ ಪಡುತ್ತೇವೆ. ಗದಗಿನಲ್ಲಿ ಒಂದು ಪಿಚ್ ಇರಲಿಲ್ಲ ಅನ್ನುವ ಕಥೆಯೂ ಅದರೊಳಗೇ ಇದೆ. ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಇದ್ದ ಕಾಲದಲ್ಲಿ ಬಿಜಾಪುರ ಬುಲ್ಸ್, ಬೆಳಗಾವಿ ಪ್ಯಾಂಥರ್ಸ್ ಅಂತ ಎರಡು ತಂಡ ಇದ್ದವು, ನೆನಪಿದೆಯಾ? ಆಡಿದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ. ಊರಿನ ಹೆಸರು ಮಾತ್ರ ಜರ್ಸಿಯ ಮೇಲೆ ಓಡಾಡಿ ಬಂತು.

ಹೋದ ವಾರ ಸಂಜೆ ಜೋರು ಮಳೆ ಬಂದು ನಿಂತ ಮೇಲೆ ಸರ್ದಾರ್ಸ್ ಮೈದಾನದ ಪಕ್ಕ ಹಾದು ಬಂದೆ. ಟೆನಿಸ್ ಬಾಲ್ ಹುಡುಗರು ಬೌಲರ್ ಕಾಲಿಡುವ ಜಾಗದಲ್ಲಿ ನಿಂತ ನೀರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಗೆದು ಚೆಲ್ಲುತ್ತಿದ್ದರು. ಒಬ್ಬ ಎಲ್ಲಿಂದಲೋ ಸಿಮೆಂಟ್ ಚೀಲದಲ್ಲಿ ಮರದ ಹೊಟ್ಟು ತಂದ, ಇನ್ನೊಬ್ಬ ಅದನ್ನು ಕಾಲಿನಿಂದ ಹರಡಿ ತುಳಿದ. "ಆತೇನ್ಪಾ?" ಅಂದೆ. "ಹತ್ತ ನಿಮಿಷ ಸರ್, ಶುರು ಮಾಡ್ತೇವಿ."